ಶಿಬಿರದಿಂದ ಬಂದ ಹೇನು

ಸಲೂನಿನ ಮೇಲಿನ ಕೋಣೆ,
ಭಾನುವಾರ ಮಧ್ಯಾಹ್ನ

ಪ್ರೀತಿಯ ನನ್ನವಳಿಗೆ,

ಸೊಂಟದ ನೋವು ಹೇಗಿದೆ? ರೋಗಿಗಳನ್ನು ಒಬ್ಬಳೇ ಎತ್ತಬೇಡ ಎಂದರೆ ಕೇಳುವವಳಲ್ಲ ನೀನು. ಮಗಳಿಗೋಸ್ಕರ ಆಸ್ಪತ್ರೆ ಕೆಲಸ ಬಿಟ್ಟು ಬಂದುಬಿಡಲೇ ಎಂದು ನೀನು ಕೇಳಿದ್ದೆ. ಆ ಕಾಗದವನ್ನು ಇಷ್ಟು ದಿನ ಸಲೂನಿನ ಕನ್ನಡಿಯ ಹಿಂದೆ ಸಿಕ್ಕಿಸಿಟ್ಟಿದ್ದೆ. ನಾನು ಚೆನ್ನಾಗಿದ್ದೇನೆ. ಅಮ್ಮ ಹೋದಮೇಲೂ ಅವಳ ಮಂಚವನ್ನು ಇನ್ನೂ ಎತ್ತಿಟ್ಟಿಲ್ಲ. ಅದರ ಮೇಲೆ ಯಾರಾದರೂ ಕೂತರೆ ಏಳಿ ಎನ್ನಲು ಬಾಯಿ ಬರುವುದಿಲ್ಲ, ನೋಡಿಕೊಂಡಿರಲೂ ಆಗುವುದಿಲ್ಲ.

ಮಗಳು ಶಾಲೆಯವರ ಕಾಡಿನ ಶಿಬಿರ ಮುಗಿಸಿ ಬಂದಳು. ನನಗಂತೂ ಹೇಸಿಗೆಯಾಗಿದೆ. ಕಳಿಸುವ ಮುಂಚೆ ಹೆಡ್‌ಮಿಸ್ಸು ನಮ್ಮನ್ನೆಲ್ಲ ಕೂರಿಸಿಕೊಂಡು, ನಾಲ್ಕು ದಿನ ಬಯಲಲ್ಲಿದ್ದರೆ ಮಕ್ಕಳಿಗೆ ಧೈರ್ಯ ಬರುತ್ತದೆ, ಹೊಂದಿಕೊಳ್ಳುವುದು ಬರುತ್ತದೆ, ಇನ್ನೇನೇನೋ ಬರುತ್ತದೆ ಎಂದಿದ್ದರು. ಬಂದದ್ದು ಹೇನು. ಚೀಲ ಬಿಚ್ಚಿದರೆ ಒದ್ದೆ ಕಾಲುಚೀಲ, ಅದರೊಳಗೆ ಅರ್ಧ ತಿಂದ ಬಿಸ್ಕತ್ತು, ಅದಕ್ಕೆ ಮುತ್ತಿದ ಇರುವೆ. ಟವೆಲ್ಲು ಹೊಗೆ, ಕೆಸರು, ಸತ್ತ ಮೀನು ಮೂರೂ ಸೇರಿದಂತೆ ನಾರುತ್ತಿತ್ತು. ಹಲ್ಲುಜ್ಜುವ ಬ್ರಷ್ ಒಂದೇ ಹೊಸದರಂತೆ ಇದ್ದದ್ದು. ಅವಳ ಕತ್ತಿನ ಮೇಲೆ ಒಂದು ದಪ್ಪ ಹೇನು ಸ್ವಂತ ಮನೆಯ ಅಂಗಳದಲ್ಲಿ ಓಡಾಡುವ ಹಾಗೆ ಹೋಗುತ್ತಿತ್ತು. ಅವತ್ತು ನನಗೆ ಊಟ ಸೇರಲಿಲ್ಲ.

ಬೀದಿಯವರ ತಲೆಯನ್ನೆಲ್ಲ ಒಪ್ಪ ಮಾಡುವ ಕ್ಷೌರಿಕನ ಮಗಳು ಇವಳು. ಅಜ್ಜಿ ಹೋದಮೇಲೆ ಕೂದಲು ಮುಟ್ಟಲು ಯಾರನ್ನೂ ಬಿಟ್ಟಿಲ್ಲ, ಶಾಲೆಯಲ್ಲಿ ಯಾರ ಪಕ್ಕವೂ ಕೂರುವುದಿಲ್ಲ, ಬಾಯಿ ಬಿಡುವುದಿಲ್ಲ, ನಿನಗೆ ಗೊತ್ತಿದೆ. "ದೀಪದ ಬುಡದಲ್ಲೇ ಕತ್ತಲು ಕಣಯ್ಯಾ" ಎಂದು ಪಕ್ಕದ ದರ್ಜಿ ಮೊದಲೇ ಹಂಗಿಸುತ್ತಿದ್ದ. ಇನ್ನು ಗಿರಾಕಿಗಳ ಕಿವಿಗೆ ಬಿದ್ದರೆ ನನ್ನ ಕುರ್ಚಿಯಲ್ಲಿ ನೊಣ ಕೂರಬೇಕು.

ಜಗಳಕ್ಕೆಂದೇ ಶಾಲೆಗೆ ಹೋದೆ. ಶಿಬಿರಕ್ಕೆ ಹೋಗಿದ್ದ ಟೀಚರು ಸಿಕ್ಕರು. ಅವರೂ ತಲೆ ಕೆರೆದುಕೊಳ್ಳುತ್ತಿದ್ದರು. "ಏನ್ ಮಾಡ್ಲಿ ಅಣ್ಣಾ, ಡೇರೆಯೊಳಗೆ ಹುಡುಗೀರೆಲ್ಲ ತಲೆಗೆ ತಲೆ ಕೊಟ್ಟೇ ಮಲಗ್ತಿದ್ರು. ಬೇರೆ ಬೇರೆ ಮಲಗಿಸಿದ್ರೂ ಉರುಳ್ಕೊಂಡು ಬರ್ತಿದ್ರು. ನಿಮ್ಮ ಮಗಳು ಅಜ್ಜಿ ಕತೆ ಹೇಳ್ದಿದ್ರೆ ಅವಕ್ಕೆ ನಿದ್ದೇನೇ ಇಲ್ಲ. ಒಬ್ಳು ಇವಳಿಗೆ ಜಡೆ ಹಾಕ್ತಾ ಇದ್ರೆ, ಇವಳು ಹೇಳ್ತಾ ಇರೋಳು" ಎಂದರು. ಬೈಯಲು ಹೋದವನು, ಅವರ ತಲೆಗೂ ಏನು ಹಚ್ಚಬೇಕೆಂದು ಹೇಳಿ ಬಂದೆ. ಹೇನಿಗೆ ರೆಕ್ಕೆಯಿಲ್ಲವಲ್ಲ, ತಲೆಗೆ ತಲೆ ತಾಗದೆ ಬರುವುದಿಲ್ಲ.

ಹಾಗಂತ ಹೇಸಿಗೆ ಹೋಗಿಲ್ಲ. ಬಟ್ಟೆಯನ್ನೆಲ್ಲ ಕುದಿಸಿದೆ, ಕಾಲುಚೀಲ ಎಸೆದೆ. ಹೇನು ತೆಗೆಯುವ ಸೀರಣಿಗೆ ತಂದಿಟ್ಟಿದ್ದೆ. ನಿನ್ನೆ ಅವಳೇ ಬಂದು ನನಗೆ ಬೆನ್ನು ಕೊಟ್ಟು ಕೂತು, "ನೋವಾಗ್ದಂಗೆ ತೆಗಿ ಅಪ್ಪಾ" ಎಂದಳು. ತೆಗೆದೆ. ಥೂ, ಎಷ್ಟೊಂದು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಜೊತೆ ಕೋಣೆಯಲ್ಲಿರುವ ಅಕ್ಕನನ್ನು ಕೇಳಿದೆನೆಂದು ಹೇಳು.

ಇತಿ,
ನಿನ್ನವನು

ಮರೆತಿದ್ದೆ: ಕೆಲಸ ಬಿಡಬೇಡ. ರಜೆ ಸಿಕ್ಕಾಗ ಬಂದು ಹೋದರೆ ಸಾಕು. ಬರುವಾಗ ಹೇನಿನ ಔಷಧಿ ಒಂದಲ್ಲ, ಎರಡು ಸೀಸೆ ತಾ. ಶಿಬಿರದಿಂದ ಬಂದಾಗಿನಿಂದ ಅವಳು ನನ್ನ ದಿಂಬಿಗೇ ತಲೆ ಕೊಟ್ಟು ಮಲಗಿ ನನಗೂ ಕತೆ ಹೇಳುತ್ತಾಳೆ. ಚಿಕ್ಕವನಿದ್ದಾಗ ಅಮ್ಮ ನನಗೆ ಹೇಳುತ್ತಿದ್ದ ಕತೆಗಳೇ. ನನ್ನ ತಲೆಯೂ ಕೆರೆಯುತ್ತಿದೆ.