ಅಮ್ಮನ ಬರಿಗೈ

ಮನೆಯಿಂದ,
೧೪ನೇ ತಾರೀಕು, ಸೋಮವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ರೋಗಿಗಳಿಗೆಲ್ಲ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿಸುವ ನರ್ಸಮ್ಮ, ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ತಾನೇ? ನಾನು ಕ್ಷೇಮ. ಅಮ್ಮನ ಬಲಗೈ ಇನ್ನೂ ಪ್ಲಾಸ್ಟರಿನಲ್ಲಿದೆ. ನಾಲಿಗೆಗೆ ಯಾವ ಪೆಟ್ಟೂ ಬಿದ್ದಿಲ್ಲ.

ನಮ್ಮ ಮನೆಯ ಎರಡು ಪಂಥಗಳು ನಿನಗೆ ಗೊತ್ತೇ ಇವೆ. ದೇವರ ರಕ್ಷಣೆ ಸಿಗಲು ನಂಬಿಕೆಯೊಂದೇ ಸಾಕು ಎನ್ನುವುದು ನನ್ನ ಪಂಥ. ಅದಕ್ಕೇ ಈ ಕಡೆಯ ಕಡ್ಡಿ ಆ ಕಡೆ ಇಟ್ಟವನಲ್ಲ. ಅಮ್ಮನದು ಕ್ರಿಯೆಯ ಪಂಥ: ಮೂವತ್ತು ವರ್ಷದಿಂದ ಚರ್ಚಿನ ಪ್ರಭುಭೋಜನದ ಮೇಜಿನ ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಸ್ವರ್ಗದ ದಾರಿಯ ಸುಕ್ಕು ತೆಗೆಯುತ್ತಾ ಬಂದವಳು. ಕೈ ಮುರಿದದ್ದೇ ತಡ, ಚರ್ಚಿಗೇ ಬರೊಲ್ಲ ಎಂದು ಕೂತಳು. "ಬರಿಗೈಯಲ್ಲಿ ಯಾವ ಮುಖ ಇಟ್ಟುಕೊಂಡು ಹೋಗಲಿ?" ತಮಾಷೆಯಲ್ಲ ಅಕ್ಕಾ, ಮೂರು ಭಾನುವಾರ ಗೋಡೆ ಕಡೆ ತಿರುಗಿ ಮಲಗಿದ್ದಳು. ದೇವರು ತನ್ನನ್ನು ಕೆಲಸದಿಂದ ತೆಗೆದುಹಾಕಿದ ಎಂದೇ ಅವಳ ನಂಬಿಕೆ.

ಕೊನೆಗೆ ಶನಿವಾರ ಆ ಬಟ್ಟೆ ನನ್ನ ಕೊರಳಿಗೆ ಬಿತ್ತು. ಗಂಜಿ ಎಷ್ಟು ಹಾಕಬೇಕೆಂದು ಕೇಳಲು ಮಾನ ಅಡ್ಡ ಬಂತು. ಒಣಗಿದ ಮೇಲೆ ನೋಡಿದರೆ ಬಟ್ಟೆ ಗೋಡೆಗೊರಗಿ ತಾನೇ ನಿಂತಿದೆ, ಪಾದ್ರಿಗಳ ಪ್ರಸಂಗ ಕೇಳಲು ತಡವಾಗಿ ಬಂದವರ ಹಾಗೆ. ಅಮ್ಮ ಮೂರು ವಾರದಲ್ಲಿ ಮೊದಲ ಸಲ ನಕ್ಕಳು. ಇದೇ ಸಮಯ ಎಂದು ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ: "ಚಿಕ್ಕಂದಿನಲ್ಲಿ ನಾನು ಏನು ಕಡಿದು ಕಟ್ಟೆ ಹಾಕಿದೆ ಅಂತ ನನಗೆ ತುತ್ತು ಕೊಟ್ಟೆ?" "ಈಗ ಮಾತ್ರ ಏನು ಕಡಿದಿದ್ದೀಯ?" ಅಂದಳು. ಅಂದವಳು ತನ್ನ ಪ್ಲಾಸ್ಟರಿನ ಕೈ ನೋಡಿಕೊಂಡಳು. ಆಮೇಲೆ ಮೆಲ್ಲಗೆ, "ಹಾಗಾದರೆ ದೇವರಿಗೂ ನನ್ನಷ್ಟೇ ಬುದ್ಧಿ ಅನ್ನು" ಅಂದಳು. ಗೆದ್ದೆ ಎಂದು ಬೀಗುತ್ತ ನಾನು ಏಳುವಷ್ಟರಲ್ಲಿ ತಟ್ಟೆ ತೋರಿಸಿದಳು: "ಉಂಡವನು ತಟ್ಟೆ ತೊಳೀತಾನೆ. ಊಟದ ಬೆಲೆ ಅಂತಲ್ಲ, ಹೊಟ್ಟೆ ತುಂಬಿತು ಅಂತ." ನನ್ನ ಪಂಥ ಅಲ್ಲಿಗೆ ಮುಳುಗಿತು. ಎರಡೂ ತಟ್ಟೆ ತೊಳೆದೆ.

ನಿನ್ನೆ ಅಮ್ಮ ಚರ್ಚಿಗೆ ಬಂದಳು. ಮುಂದೆ ವಾದ್ಯದವರಿರಲಿಲ್ಲ ಅಷ್ಟೇ, ನಡಿಗೆ ಮಾತ್ರ ಯುದ್ಧ ಗೆದ್ದು ಬಂದ ರಾಣಿಯದು. ಪಾದ್ರಿಗಳು ಮೇಜಿನ ಬಟ್ಟೆ ಸರಿಸಿದರೆ ತಗಡು ಬಡಿದ ಸದ್ದು. ಇಡೀ ಸಭೆ ನನ್ನತ್ತ ತಿರುಗಿತು. ಆ ಗಲಿಬಿಲಿಯಲ್ಲೇ ಅಮ್ಮ ಎಲ್ಲರಿಗಿಂತ ಮೊದಲು ಎದ್ದು ಹೋಗಿ ಪ್ರಭುಭೋಜನದ ರೊಟ್ಟಿಗೆ ಎಡಗೈ ಚಾಚಿದಳು.

ದೇವರು ನಿನ್ನನ್ನು ಕಾಯಲಿ. ರೊಟ್ಟಿಗೆ ಬೆಣ್ಣೆ ಹಚ್ಚಿಕೊಳ್ಳುವ ಕೆಲಸ ಮಾತ್ರ ನಿನ್ನದೇ.

ನಿನ್ನ ತಮ್ಮ,
ಇಸ್ತ್ರಿಪೆಟ್ಟಿಗೆಗೆ ಹೊಸಬ

ತಾ.ಕ.: ಈಗಷ್ಟೇ ಆಸ್ಪತ್ರೆಯಿಂದ ಬಂದೆವು. ಹೊಸ ಎಕ್ಸ್‌ರೇ ನೋಡಿದ ಡಾಕ್ಟರು, ಈ ಕೈ ಇನ್ನು ಬಟ್ಟೆ ಹಿಂಡುವಷ್ಟು ಸರಿಹೋಗುವುದಿಲ್ಲ ಅಂದರು. ನಾನು ಹೆದರಿಕೊಂಡೇ ಅಮ್ಮನ ಮುಖ ನೋಡಿದೆ. "ಆಯ್ತು ಬಿಡಿ ಡಾಕ್ಟ್ರೇ" ಅಂದಳು, "ಭಾನುವಾರ ಹೋಗೋಕೆ ಕಾಲು ಚೆನ್ನಾಗಿದೆ."