ಗೀರು ಹಾಕಿದ ಲೋಟ

ಅತ್ತಿಗೆಗೆ,

ನಿಮ್ಮ ನಾದಿನಿಯ ನಮಸ್ಕಾರ. ಹನ್ನೊಂದು ವರ್ಷ ಒಂದು ಫೋನೂ ಮಾಡದವಳು ಈಗ ಕಾಗದ ಬರೆಯುತ್ತಿದ್ದಾಳೆಂದರೆ ಏನೋ ಸ್ವಾರ್ಥವಿರಬೇಕು ಎಂದುಕೊಳ್ಳುತ್ತೀರಿ. ಇದ್ದರೂ ಇರಬಹುದು. ಹರಿದು ಹಾಕುವುದಾದರೆ ಪೂರ್ತಿ ಓದಿ ಹರಿಯಿರಿ.

ನಾನೀಗ ಕ್ಷಯರೋಗದ ಲ್ಯಾಬಿನಲ್ಲಿದ್ದೇನೆ. ‘ಮೈಕ್ರೋಸ್ಕೋಪ್ ಮಹಾರಾಣಿ’ ಎಂದು ರೇಗಿಸುತ್ತಿದ್ದಿರಲ್ಲ, ಅದೇ ಕೆಲಸ. ಕಾಯಿಲೆ ಯಾರಿಂದ ಯಾರಿಗೆ ದಾಟಿತೆಂದು ತಿಳಿಯಲು, ಫ್ರೀಜರಿನಲ್ಲಿಟ್ಟಿದ್ದ ಹಳೆಯ ರೋಗಿಗಳ ಬ್ಯಾಕ್ಟೀರಿಯಾಗಳ ಜೀನೋಮನ್ನು, ಅಂದರೆ ಅವುಗಳ ವಂಶವಾಹಿಯ ಬರಹವನ್ನು, ಅಕ್ಷರ ಅಕ್ಷರವಾಗಿ ಓದುತ್ತಿದ್ದೇವೆ. ಬ್ಯಾಕ್ಟೀರಿಯಾ ತನ್ನ ನಕಲು ಮಾಡಿಕೊಳ್ಳುವಾಗ ಅಪರೂಪಕ್ಕೊಂದು ತಪ್ಪು ಮಾಡುತ್ತದೆ. ಕಾಯಿಲೆ ಅಂಟಿಸಿಕೊಂಡವರಿಗೆ ಆ ತಪ್ಪೂ ದಾಟುತ್ತದೆ. ಪರೀಕ್ಷೆಯಲ್ಲಿ ಪಕ್ಕದವನನ್ನು ನೋಡಿ ಬರೆದವನು ಅವನ ತಪ್ಪನ್ನೂ ಬರೆದು ಸಿಕ್ಕಿಬೀಳುತ್ತಾನಲ್ಲ, ಹಾಗೆ.

ಕಳೆದ ವಾರ ಒಂದೇ ತಪ್ಪುಗಳಿರುವ ಎರಡು ರೋಗಿಗಳ ನಂಬರುಗಳು ಜೋಡಿಯಾಗಿ ಬಂದವು. ಒಂದು ನಿಮ್ಮದು. ನಿಮ್ಮ ಕಫ ಪರೀಕ್ಷೆಗೆ ಆ ನಂಬರಿನ ಚೀಟಿ ತುಂಬಿದವಳು ನಾನೇ, ಮರೆತಿಲ್ಲ. ಅದಕ್ಕಿಂತ ಎರಡು ವರ್ಷ ಹಿಂದಿನ ಇನ್ನೊಂದು, ನನ್ನದು.

ಹೌದು ಅತ್ತಿಗೆ, ನನ್ನದು. ನೀವು ಮದುವೆಯಾಗಿ ಬಂದಾಗ ನಾನು ಕೆಮ್ಮುತ್ತಿದ್ದೆ. ಧೂಳಿನ ಅಲರ್ಜಿ ಎಂದು ನಿಮಗೆ ಹೇಳಿದೆವು. ಕ್ಷಯವೆಂದು ಅಮ್ಮ, ಅಣ್ಣ, ನಾನು ಮೂವರಿಗೂ ಗೊತ್ತಿತ್ತು. "ಹೊರಗೆ ಗೊತ್ತಾದ್ರೆ ಇವಳನ್ನ ಯಾರು ಕಟ್ಕೋತಾರೆ?" ಎಂದು ಅಮ್ಮ ಎಲ್ಲರ ಬಾಯಿ ಮುಚ್ಚಿಸಿದ್ದಳು. ಗಂಡಿನ ಕಡೆಯವರು ನೋಡಲು ಬರುತ್ತಾರೆಂದು ಮಾತ್ರೆಗಳನ್ನೂ ಅರ್ಧಕ್ಕೇ ಎಸೆದೆವು. ಕೆಮ್ಮು ತಿರುಗಿ ಬಂತು. ಆಗ ಬೆನ್ನು ನೀವುತ್ತ ಪಕ್ಕದಲ್ಲಿ ಕೂತವರು ನೀವು. ಆಮೇಲೆ ಗುಟ್ಟಾಗಿ ಔಷಧಿ ಮುಗಿಸಿ ನಾನು ದುಂಡಗಾದೆ, ನೀವು ಕೆಮ್ಮತೊಡಗಿದಿರಿ.

"ರೋಗ ಮುಚ್ಚಿಟ್ಟು ನಮ್ಮ ತಲೆಗೆ ಕಟ್ಟಿದ್ರು" ಎಂದು ಅಮ್ಮ ಬಂದವರಿಗೆಲ್ಲ ಹೇಳಿದಳು. ಅಣ್ಣ ಬಾಯಿಗೆ ಬೀಗ ಹಾಕಿಕೊಂಡ. ನಿಮ್ಮ ಲೋಟ ಬೇರೆಯಾಯಿತು. ಗುರುತಿಗೆಂದು ಮೊಳೆಯಿಂದ ಅದರ ಮೇಲೆ ಗೀರು ಹಾಕಿದವಳು ನಾನು. ಲೋಟದಿಂದ ಕ್ಷಯ ಹರಡುವುದಿಲ್ಲ ಎಂದು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತೆಗೆದುಕೊಂಡಿದ್ದವಳು! ನಿಮ್ಮನ್ನು ತವರಿಗೆ ಅಟ್ಟಿದ ದಿನ ಎಂಟು ತಿಂಗಳ ಮಗುವನ್ನು ನಿಮ್ಮ ತೋಳಿನಿಂದ ಬಿಡಿಸಿಕೊಂಡವಳೂ ನಾನೇ.

ಜೀನೋಮ್ ಒಂದನ್ನೇ ನೋಡಿ ಯಾರಿಂದ ಯಾರಿಗೆ ಎಂದು ಆಣೆ ಮಾಡಲಾಗದು. ನನ್ನದರ ತಪ್ಪುಗಳೆಲ್ಲ ನಿಮ್ಮದರಲ್ಲಿವೆ, ಜೊತೆಗೆ ಹೊಸದೊಂದು. ಹಳೆಯ ನಂಬರಿನಿಂದ ಹೊಸದಕ್ಕೆ ದಾಟಿರುವ ‘ಸಂಭವ’ ಎಂದು ವರದಿಯಲ್ಲಿ ಬರೆದಿದ್ದೇವೆ. ಎರಡು ನಂಬರಿಗೂ ಅಡುಗೆಮನೆ ಒಂದೇ ಎಂದು ಬಲ್ಲವಳು ಲ್ಯಾಬಿನಲ್ಲಿ ನಾನೊಬ್ಬಳೇ.

ಮನೆಯಲ್ಲಿ ಹೇಳಿದೆ. "ಮುಗಿದ ಕಥೆ, ಈಗ್ಯಾಕೆ ಕೆದಕ್ತೀಯ?" ಎಂದಳು ಅಮ್ಮ. ಅಣ್ಣ ಪೇಪರಿನ ಪುಟ ತಿರುಗಿಸಿದ. ಎಂಥ ಜನ ನಾವು! ನಿಮ್ಮ ಮಗಳು ಮಾತ್ರ ಊಟ ಬಿಟ್ಟು ಎದ್ದಳು. ನಿಮ್ಮಮ್ಮ ರೋಗ ತಂದವಳು ಎಂದು ಕೇಳಿಕೊಂಡೇ ಬೆಳೆದವಳು ಅವಳು. ಸೋಪಿನ ಪುಡಿ ಅಳೆಯಲು ಇಟ್ಟಿದ್ದ ಆ ಗೀರಿನ ಲೋಟವನ್ನು ತಂದು, ತೊಳೆದು, ನೀರು ತುಂಬಿ ನನ್ನ ಮುಂದಿಟ್ಟಳು.

"ಅತ್ತೆ, ಹಾಗಾದ್ರೆ ಇದು ನಿಂದು."

ಕುಡಿದೆ. ಆಮೇಲೆ ಅವಳು ನಿಮ್ಮ ವಿಳಾಸ ಕೇಳಿದಳು.

ನಾನು ಕ್ಷಮೆ ಕೇಳುವುದಿಲ್ಲ, ಆ ಮುಖ ನನಗಿಲ್ಲ. ಉತ್ತರ ಬರೆಯುವುದಾದರೆ ಅವಳಿಗೆ ಬರೆಯಿರಿ. ಕಾಗದ ಹರಿದರೂ ಲಕೋಟೆಯನ್ನು ಇಟ್ಟುಕೊಳ್ಳಿ. ಅದರ ಮೇಲಿರುವುದು ನಿಮ್ಮ ಮಗಳ ಕೈಬರಹ.

ಇನ್ನಾದರೂ ನಿಮಗೆ ಒಳ್ಳೆಯದಾಗಲಿ.

ಆ ಲೋಟದಲ್ಲೇ ನೀರು ಕುಡಿಯುತ್ತಿರುವ,
ನಿಮ್ಮ ನಾದಿನಿ