ಮೂಗು ಹಿಡಿದ ಮಹಾಶಯರಿಗೆ ಕ್ಷಮಾಪಣೆ

ಡೋಣಿದಂಡೆ,
ಫೆಬ್ರವರಿ ೩೧, ೨೩೮೭

ಹಳದಿ ಅಂಗಿ ತೊಟ್ಟು, ಎಡಗೈಯಲ್ಲಿ ಗ್ಲಾಸು ಹಿಡಿದು, ಬಲಗೈಯಿಂದ ಮೂಗು ಮುಚ್ಚಿಕೊಂಡು ಫೋಟೊದಲ್ಲಿ ನಿಂತಿರುವ ಮಹಾಶಯರಲ್ಲಿ ಭೌರವ್ವಳ ಸಾಷ್ಟಾಂಗ ವಿಜ್ಞಾಪನೆ.

ಮೊದಲು ತಾರೀಖಿನ ವಿಷಯ. ತಪ್ಪು ಬರೆದಿಲ್ಲ. ಫೆಬ್ರವರಿಗೆ ಶತಮಾನಗಳಿಂದ ಅನ್ಯಾಯವಾಗಿದೆ ಎಂದು ನಮ್ಮ ಹಿರಿಯರಿಗೆ ಕರುಣೆ ಉಕ್ಕಿ, ಮೇ, ಜುಲೈ, ಡಿಸೆಂಬರುಗಳಿಂದ ಒಂದೊಂದು ದಿನ ಕಿತ್ತು ಅದಕ್ಕೆ ಕೊಟ್ಟರು. ಮೇ ತಿಂಗಳ ಬಿಸಿಲು ಒಂದು ದಿನ ಕಡಿಮೆಯಾಯಿತೆಂದು ಅಂದು ಊರೆಲ್ಲ ಹುಗ್ಗಿ ಉಂಡಿತಂತೆ. ಈ ಪತ್ರ ತಮಗೆ ತಲುಪುವುದು ಹಿಂದಂಚೆಯಿಂದ, ಅಂದರೆ ಕಾಲದಲ್ಲಿ ಹಿಮ್ಮುಖವಾಗಿ ನಡೆಯುವ ಅಂಚೆಯಿಂದ. ಮಾತು ಎಲ್ಲಾದರೂ ವಿಚಿತ್ರವೆನಿಸಿದರೆ ಮನ್ನಿಸಬೇಕು. ತಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಮದುವೆ ಕಾರ್ಡುಗಳಿಂದ.

ತಾವು ಯಾರೆಂದು ತಮಗೇ ಗೊತ್ತಿರಲಿಕ್ಕಿಲ್ಲ. ತಾವು ಆದಿರುಚಿಗರು. ತಮ್ಮ ಕಾಲದಿಂದ ನಮ್ಮೂರಿಗೆ ಉಳಿದು ಬಂದದ್ದು ಒಂದೇ ಫೋಟೊ, ಅದು ತಮ್ಮದು. ಅದರ ಹಿಂದೆ ಪೆನ್ನಿನಲ್ಲಿ, ‘ನಮ್ಮೂರಿನ ಮೊದಲ ಹಣ್ಣಿನ ಗೋಧಿ ಬಿಯರ್ ಸ್ಪರ್ಧೆ, ನಿರ್ಣಾಯಕರು’ ಎಂದು ಬರೆದಿದೆ. ಅದಕ್ಕೆ ಅಗಲವಾದ ಬೆಳ್ಳಿ ಚೌಕಟ್ಟು ಹಾಕಿ ನೊರೆಸಭೆಯ ಗೋಡೆಗೆ ತೂಗುಹಾಕಿದ್ದೇವೆ. ನೊರೆಸಭೆ ಎಂದರೆ ನಮ್ಮ ಬಿಯರಿನ ನ್ಯಾಯಾಲಯ. ಡೋಣಿ ಹೊಳೆಯ ಉಪ್ಪುನೀರನ್ನು ಸಿಹಿ ಮಾಡಲು ನಮಗೆ ನೂರಿಪ್ಪತ್ತು ವರ್ಷ ಹಿಡಿಯಿತು. ಸಿಹಿಯಾದ ಮೊದಲ ವರ್ಷವೇ ದಂಡೆಯ ಜವೆಗೋಧಿಯನ್ನು ಆ ನೀರಿನಲ್ಲಿ ನೆನೆಸಿ ಬಿಯರು ಇಳಿಸಿದೆವು. ಈಗ ಊರಿನ ಏಳು ಮನೆತನಗಳು ಏಳು ಹಣ್ಣುಗಳ ಬಿಯರು ಮಾಡುತ್ತವೆ: ನಿಂಬೆ, ಪೇರಲ, ಸೀತಾಫಲ, ಬಾರಿಹಣ್ಣು, ದ್ರಾಕ್ಷಿ, ದಾಳಿಂಬೆ, ಬೆಳವಲ. ಬೀದಿಗಳ ಮೇಲೆ ನೆರಳುಹಚ್ಚಡ, ಅಂದರೆ ಬಿಸಿಲು ಹತ್ತಿದಂತೆ ತಾನೇ ಬಿಚ್ಚಿಕೊಳ್ಳುವ ಬಟ್ಟೆಯ ಚಪ್ಪರವಿದೆ. ಅದರ ಕೆಳಗೆ ವರ್ಷಕ್ಕೊಮ್ಮೆ, ಮುಂಜಾನೆ ನಾಷ್ಟಾ ಆದ ಮೇಲೆ, ಐವರು ನಿರ್ಣಾಯಕರು ಕೂತು ಈ ಏಳನ್ನೂ ರುಚಿ ನೋಡುತ್ತಾರೆ, ತಿಳಿಬಣ್ಣದಿಂದ ಮೊದಲಾಗಿ ಕಡುಬಣ್ಣದವರೆಗೆ.

ಹೇಗೆ ನೋಡುತ್ತಾರೆ? ತಾವು ತೋರಿಸಿಕೊಟ್ಟ ಹಾಗೆ. ಮೂಗು ಮುಚ್ಚಿಕೊಂಡು.

ಕೈ ಸೋಲುತ್ತದೆಂದು ನಾಸಿಕಬಂಧ ಬಂತು. ಹಗ್ಗದ ಮೇಲಿನ ಬಟ್ಟೆಗೆ ತಾವು ಸಿಕ್ಕಿಸುವ ಕ್ಲಿಪ್ಪೇ ಅದು, ಬೇವಿನ ಕಟ್ಟಿಗೆಯದು, ಅಷ್ಟೇ ವ್ಯತ್ಯಾಸ. ಪ್ರತಿ ಗ್ಲಾಸಿಗೂ ಹೊಸ ನಾಸಿಕಬಂಧವಾಗಬೇಕು. ಅವುಗಳನ್ನು ತೊಳೆದು, ಒರೆಸಿ, ತಟ್ಟೆಯಲ್ಲಿಟ್ಟು ಒಪ್ಪಿಸುವ ಹುದ್ದೆ ನನ್ನದು. ಫೋಟೊ ಒರೆಸುವುದೂ ನನ್ನದೇ. ಇಪ್ಪತ್ತೊಂದನೆಯ ವಯಸ್ಸಿಗೆ ಇಷ್ಟು ಜವಾಬ್ದಾರಿಯ ಹುದ್ದೆ ಕೊಟ್ಟರೆ ನಾನು ಸುಧಾರಿಸುತ್ತೇನೆಂದು ಊರವರು ನಂಬಿದ್ದರು. ಪಾಪ.

ಮೂಗು ಕಟ್ಟಿದವರ ನಾಲಗೆಗೆ ಹುಳಿ, ಸಿಹಿ, ಉಪ್ಪು, ಕಹಿ, ಒಗರು ಇಷ್ಟೇ ತಿಳಿಯುತ್ತದೆ. ಹೀಗಾಗಿ ಎಲ್ಲಕ್ಕಿಂತ ಹುಳಿಯಾದ ನಿಂಬೆಗೆ ಇಪ್ಪತ್ತೆರಡು ವರ್ಷದಿಂದ ಮೊದಲ ಸ್ಥಾನ. ಮುಖ್ಯ ನಿರ್ಣಾಯಕ ಗುರುಪಾದಪ್ಪನವರು ಕ್ಲಿಪ್ಪಿನೊಳಗಿಂದಲೇ “ಡಿಬ್ಬೆ ಪ್ರಥಬ!” ಎಂದು ಘೋಷಿಸುವಾಗ ಹಿರಿಯರು ಕಣ್ಣೊರೆಸಿಕೊಳ್ಳುತ್ತಾರೆ. ಬೆಳವಲದ ಬಿಯರಿಗೆ ಮಾತ್ರ ಪ್ರತಿ ವರ್ಷ ಒಂದೇ ತೀರ್ಪು: ‘ಒಗರು. ಬೇರೇನೂ ತೋರಲಿಲ್ಲ.’ ಅದು ನನ್ನ ದೊಡ್ಡವ್ವ ಶಾವಂತ್ರವ್ವಳದು. ಹೆತ್ತವರಿಗಿಂತ ಹೆಚ್ಚು ದಿನ ನನ್ನನ್ನು ಸಹಿಸಿಕೊಂಡವಳು ಅವಳು. ಕಲ್ಲಿನಂಥ ಬೆಳವಲ ಹಣ್ಣನ್ನು ಹೊಸ್ತಿಲಿಗೆ ಕುಟ್ಟಿ ಒಡೆದರೆ ಎರಡು ಓಣಿ ಆಚೆಗೂ ಪರಿಮಳ ಹೋಗುತ್ತದೆ. ಅದರ ಜೀವವೆಲ್ಲ ವಾಸನೆಯಲ್ಲಿದೆ. ಊರವರು ಮೊದಲು ಖಾಲಿ ಮಾಡುವುದು ಅವಳ ಪೀಪಾಯಿಯನ್ನೇ. ಆದರೆ ನಿರ್ಣಾಯಕರಿಗೆ ಸಭೆಯ ಹೊರಗೆ ಒಂದು ಹನಿಯೂ ಕುಡಿಯಬಾರದೆಂಬ ವ್ರತವಿದೆ. ಕುಡಿದವರು ಅಂಕ ಕೊಡುವಂತಿಲ್ಲ, ಅಂಕ ಕೊಡುವವರು ಮೂಸುವಂತಿಲ್ಲ. ಇದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ.

ಇನ್ನೊಂದು ನಿಯಮವಿದೆ. ಮೂರು ವರ್ಷ ಸತತ ಕೊನೆಗೆ ಬಂದವರು ತಮ್ಮ ಪೀಪಾಯಿಗೆ ಚೌಕದಲ್ಲಿ ಮಣ್ಣು ತುಂಬಿ, ಎಲ್ಲರ ಕಣ್ಣೆದುರು ಮೆಂತ್ಯ ಬಿತ್ತಬೇಕು. ಆ ಮೇಲೆ ಆ ಮನೆಯಲ್ಲಿ ಬಿಯರು ಇಲ್ಲ. ಹೋದ ಎರಡು ವರ್ಷವೂ ದೊಡ್ಡವ್ವನೇ ಕೊನೆ, ಇದು ಮೂರನೆಯ ವರ್ಷ. ಸಭೆಯ ಹಿಂದಿನ ದಿನ ನಿಂಬೆಯ ಮಲಕಾಜಪ್ಪ ನಮ್ಮ ಕಟ್ಟೆಗೇ ಬಂದು ನಕ್ಕ.

“ಶಾವಂತ್ರವ್ವಾ, ಮೆಂತ್ಯ ಬೀಜದ ಚಿಂತಿ ಮಾಡಬ್ಯಾಡ. ಡಬ್ಬಿ ತುಂಬ ನಾನೇ ತಂದೀನಿ.”

“ಇಟ್ಟು ಹೋಗಪಾ,” ಎಂದಳು ದೊಡ್ಡವ್ವ. “ಪಲ್ಯಾಕ ಆಗತೈತಿ.”

ಅವನು ಹೋದ ಮೇಲೆ ಅವಳು ಪೀಪಾಯಿಯನ್ನು ಎಮ್ಮೆಯ ಬೆನ್ನು ಸವರಿದ ಹಾಗೆ ಸವರುತ್ತ ಬಹಳ ಹೊತ್ತು ಕೂತಿದ್ದಳು.

ಸಂಜೆ ತಮ್ಮ ಫೋಟೊ ಒರೆಸಲು ಹೋದೆ. ಚೌಕಟ್ಟಿನ ಒಂದು ಮೊಳೆ ಸಡಿಲಾಗಿತ್ತು. ಉಳಿದ ಮೂರನ್ನು ನಾನೇ ಸಡಿಲಿಸಿದೆ ಎಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ. ಇನ್ನೂರು ವರ್ಷ ಬೆಳ್ಳಿಯ ಅಡಿಯಲ್ಲಿ ಅಡಗಿದ್ದ ಅಂಚು ಹೊರಗೆ ಬಂತು. ಮಹಾಶಯರೇ, ತಮ್ಮ ಬೆನ್ನ ಹಿಂದೆ, ಮೂರು ಮಾರು ದೂರದಲ್ಲಿ, ಗಟಾರ ಹೀರುವ ಗಾಡಿ ನಿಂತಿತ್ತು. ಅದರ ಪೈಪು ಬಾಯಿ ತೆರೆದ ಗಟಾರದೊಳಗಿತ್ತು. ಗಾಡಿಯವನೂ ಮೂಗು ಹಿಡಿದಿದ್ದ. ಪಕ್ಕದ ನಾಯಿ ಮುಖ ತಿರುಗಿಸಿತ್ತು.

ದೊಡ್ಡವ್ವನಿಗೆ ಓಡಿಹೋಗಿ ಹೇಳಿದೆ. ಅವಳು ಬೆಚ್ಚಿಬಿದ್ದಳು.

“ಚೌಕಟ್ಟು ಬಿಚ್ಚಿದಿ? ಯವ್ವಾ, ಮಂದಿ ಮುಂದ ಬಾಯಿ ಬಿಡಬ್ಯಾಡ. ನಿನ್ನ ಮಾತು ಯಾರು ನಂಬ್ತಾರ? ಹೋದ ವರ್ಷ ಸಭಾದ ಗಂಟಿಗೆ ಹುಗ್ಗಿ ತುಂಬಿದಾಕಿ ನೀ.”

ಮಾತು ನ್ಯಾಯವಾಗಿತ್ತು. ಸಭೆಯ ಗಂಟೆಯೊಳಗೆ ಹುಗ್ಗಿ ತುಂಬಿದ್ದು ನಿಜ. ಆದ್ದರಿಂದ ಹೇಳುವುದನ್ನು ಕೈಬಿಟ್ಟು, ಎಮ್ಮೆಯ ಬೆಣ್ಣೆ ಕೈಗೆತ್ತಿಕೊಂಡೆ.

ಮರುದಿನ ಆರು ಗ್ಲಾಸು ಶಾಸ್ತ್ರೋಕ್ತವಾಗಿ ಮುಗಿದವು. ಏಳನೆಯದಕ್ಕೆ ಐದು ನಾಸಿಕಬಂಧಗಳನ್ನು ತಲೆಬಾಗಿ ಒಪ್ಪಿಸಿದೆ. ಒಳಮೈಗೆ ಬೆಣ್ಣೆ ಎಷ್ಟು ಹಚ್ಚಬೇಕೆಂದು ರಾತ್ರಿಯ ಊಟಕ್ಕೆ ಮೊದಲೇ ನನ್ನ ಮೂಗಿನ ಮೇಲೆ ಹನ್ನೊಂದು ಸಲ ಪರೀಕ್ಷಿಸಿದ್ದೆ. ಮೂಗು ಇನ್ನೂ ಮೆಣಸಿನಕಾಯಿಯಂತಿದೆ. ಗುರುಪಾದಪ್ಪನವರು ಬೆಳವಲದ ಗ್ಲಾಸನ್ನು ತುಟಿಗೆ ತಂದರು. ಕ್ಲಿಪ್ಪು ಮೂಗಿನ ದಿಣ್ಣೆಯ ಮೇಲಿಂದ ಮೆಲ್ಲಗೆ ಜಾರಿತು, ತುದಿಯಲ್ಲಿ ಒಂದು ಗಳಿಗೆ ತೂಗಾಡಿತು, ಪುಳಕ್ಕನೆ ಗ್ಲಾಸಿಗೆ ಬಿತ್ತು. ಅದನ್ನು ತೆಗೆಯಲು ಅವರು ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಆ ಕಡೆ ಉಳಿದ ನಾಲ್ಕೂ ಒಂದರ ಹಿಂದೊಂದು ಜಾರಿದವು. ಸಭೆ ಉಸಿರು ಬಿಗಿಹಿಡಿಯಿತು. ನಿರ್ಣಾಯಕರು ಮಾತ್ರ ಉಸಿರಾಡಿದರು.

“ಏ ಶಾವಂತ್ರವ್ವಾ,” ಎಂದರು ಗುರುಪಾದಪ್ಪನವರು. ಅವರ ನಿಜವಾದ ದನಿಯನ್ನು ಸಭೆ ಕೇಳಿದ್ದು ಅಂದೇ ಮೊದಲು. “ಇದು ಇಷ್ಟು ವರ್ಷ ಎಲ್ಲಿತ್ತು?”

“ನಿಮ್ಮ ಮೂಗಿನ ಕೆಳಗs ಇತ್ತರೀ, ಮಾಸ್ತರ.”

“ಭಂಗ ಆತು! ಸಭಾ ಭಂಗ ಆತು!” ಎಂದು ಮಲಕಾಜಪ್ಪ ಎದ್ದು ಕೂಗಿದ. “ಮೂಗು ಬಿಟ್ಟು ಕುಡದಾರ! ಯಾರ ಕೆಲಸ ಇದು?”

ಎಲ್ಲರೂ ನನ್ನ ಕಡೆ ತಿರುಗಿದರು. ಸಾಕ್ಷಿ ಕೇಳುವ ಸೌಜನ್ಯವನ್ನೂ ಯಾರೂ ತೋರಲಿಲ್ಲ. ನಾನು ಗಂಭೀರವಾಗಿ ನಡೆದು ಹೋಗಿ, ತಮ್ಮ ಫೋಟೊವನ್ನು ಚೌಕಟ್ಟಿನಿಂದ ತೆಗೆದು ಗುರುಪಾದಪ್ಪನವರ ಕೈಗಿಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು. ಇಳಿಸಿ ನೋಡಿದರು. ಪಕ್ಕದವರಿಗೆ ದಾಟಿಸಿದರು. ಅವರ ಭುಜ ಅಲುಗತೊಡಗಿದಾಗ ಅಳುತ್ತಿದ್ದಾರೆಂದುಕೊಂಡೆ.

“ಎರಡುನೂರು ವರ್ಷ,” ಎಂದರು ನಗು ತಡೆದುಕೊಳ್ಳಲಾರದೆ, “ಎರಡುನೂರು ವರ್ಷ ಗಟಾರದ ಸಲುವಾಗಿ ಮೂಗು ಮುಚಗೊಂಡ್ವಲ್ಲೋ! ಏ, ಏಳೂ ಗ್ಲಾಸು ಮತ್ತ ತುಂಬ್ರಿ. ಈ ಸಲ ಮೂಗು ತಗದು.”

ಎರಡನೆಯ ಬಾರಿ ತೀರ್ಪು ಬರೆಯಲು ಹಾಳೆ ಸಾಲಲಿಲ್ಲ. ‘ಒಗರು’ ಎಂದು ಬರೆದ ಕೈಗಳೇ ಬೆಲ್ಲ, ಹಳೆಯ ಹುಣಸೆ, ಮೊದಲ ಮಳೆಗೆ ಮುಂಚಿನ ಗಾಳಿ, ತವರಿನ ಅಟ್ಟ ಎಂದೆಲ್ಲ ಬರೆದವು. ಬೆಳವಲ ಪ್ರಥಮ. ನಿಂಬೆ ನಾಲ್ಕನೆಯದು. ದೊಡ್ಡವ್ವನ ಪೀಪಾಯಿಯನ್ನು ಹೆಗಲ ಮೇಲೆ ಹೊತ್ತು ಊರೆಲ್ಲ ಮೆರೆಸಿದರು. ಮುಂದಿನ ಹೆಗಲು ಮಲಕಾಜಪ್ಪನದು, ಏಕೆಂದರೆ ಆ ಹೊತ್ತಿಗೆ ಅವನೂ ಮೂರು ಗ್ಲಾಸು ಮೂಸಿ ಕುಡಿದಿದ್ದ. ಅವನು ತಂದ ಮೆಂತ್ಯವನ್ನು ದೊಡ್ಡವ್ವ ಹಿತ್ತಿಲಲ್ಲಿ ಬಿತ್ತಿದ್ದಾಳೆ. ಮೊದಲ ಸೊಪ್ಪು ಅವನ ಮನೆಗೇ ಹೋಗಲಿದೆ.

ನನಗೆ ಶಿಕ್ಷೆಯಾಯಿತು. ಚೌಕಟ್ಟು ಬಿಚ್ಚಿದ್ದಕ್ಕೆ ತಮ್ಮಲ್ಲಿ ಕ್ಷಮೆ ಬೇಡುವ ಈ ಪತ್ರವೇ ಆ ಶಿಕ್ಷೆ. ಕೊನೆಗೆ ಒಂದು ವಿನಂತಿಯನ್ನು ಸೇರಿಸಬೇಕೆಂದು ಸಭೆಯ ಅಪ್ಪಣೆಯಿದೆ: ‘ಪೂಜ್ಯರು ಫೋಟೊ ತೆಗೆಸಿಕೊಳ್ಳುವಾಗ ದಯಮಾಡಿ ಮೂಗಿನಿಂದ ಕೈ ತೆಗೆಯಬೇಕು. ಎರಡು ಶತಮಾನದ ತಪ್ಪು ತಪ್ಪಲಿ.’ ಬರೆದಿದ್ದೇನೆ. ಸಭೆ ಓದಿ ಮುದ್ರೆ ಒತ್ತಿದೆ.

ಮುದ್ರೆಯ ಕೆಳಗೆ ಇನ್ನಿಷ್ಟು ಜಾಗ ಉಳಿದಿದೆ. ಇದು ನಾನೊಬ್ಬಳೇ ಬರೆಯುತ್ತಿರುವುದು. ಅಣ್ಣಾ, ನೀವು ಕೈ ತೆಗೆದರೆ ನಮ್ಮ ದೊಡ್ಡವ್ವ ಮೊದಲಿನಿಂದಲೂ ಗೆಲ್ಲುತ್ತಾಳೆ, ನಿಜ. ಆದರೆ ಪ್ರತಿ ವರ್ಷ ಗೆಲ್ಲುವವಳನ್ನು ಯಾರು ಹೆಗಲ ಮೇಲೆ ಹೊರುತ್ತಾರೆ? ಆ ದಿನ ಅವಳು ಮೆರವಣಿಗೆ ಮುಗಿಸಿ ಮನೆಗೆ ಬಂದು, ಬಾಗಿಲು ಹಾಕಿ, ಎಪ್ಪತ್ತರ ವಯಸ್ಸಿನಲ್ಲಿ ಒಬ್ಬಳೇ ಕುಣಿದಳು. ಕಿಟಕಿಯಿಂದ ನೋಡಿದೆ. ಆ ಕುಣಿತವನ್ನು ನಾನು ಬಿಟ್ಟುಕೊಡಲಾರೆ.

ಅಗೋ, ನಿಮ್ಮ ಬೆನ್ನ ಹಿಂದೆ ಗಟಾರದ ಗಾಡಿ ಹತ್ತಿರ ಬಂತು. ಫೋಟೊದವರು ಒಂದು, ಎರಡು ಎನ್ನುತ್ತಿದ್ದಾರೆ. ಮೂಗು ಗಟ್ಟಿಯಾಗಿ ಹಿಡಿಯಿರಿ.

ಭೌರವ್ವ
ಮಾಜಿ ನಾಸಿಕಬಂಧ ಪಾಲಕಿ